ಕಾರಿನ ಬೆನ್ನೇರಿದ ಆಂಟೆನಾ: ನಿಮಗಿದು ಗೊತ್ತೇ?

ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗದ ಉದ್ದ ಸುಮಾರು 490 ಮೀಟರ್. ಅದಕ್ಕೆ ತಕ್ಕ ಕಾಲು ತರಂಗದ ಆಂಟೆನಾ ನಿಲ್ಲಿಸಲು 122 ಮೀಟರ್ ಎತ್ತರದ ಕಂಬ ಬೇಕು. ನಿಮ್ಮ ಕಾರಿನ ಆಂಟೆನಾ ಒಂದು ಮೀಟರೂ ಇರುವುದಿಲ್ಲ. ಆದರೂ ಅದರಲ್ಲಿ ಪ್ರದೇಶ ಸಮಾಚಾರ ಕೇಳಬಹುದು. ಕೇಳುವುದಕ್ಕೆ ಮೋಟು ಆಂಟೆನಾ ಸಾಕು. ಅದರ ಬಂಡವಾಳ ಬಯಲಾಗುವುದು ಮಾತಾಡಲು ಹೊರಟಾಗ.

ಹಾಗೆ ಮಾತಾಡಲು ಹೊರಟವರು ಹ್ಯಾಮ್‌ಗಳು, ಅಂದರೆ ಸರ್ಕಾರದ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರು. ಅವರಲ್ಲೇ ಒಂದು ಪಂಗಡ 3ರಿಂದ 30 ಮೆಗಾಹರ್ಟ್ಸ್ ನಡುವಿನ ಎಚ್‌ಎಫ್ ರೇಡಿಯೋವನ್ನು ಕಾರಿನೊಳಗೆ ಕೂರಿಸಿ, ಹಿಂದೆ ಉದ್ದನೆಯ ಕಡ್ಡಿಯೊಂದನ್ನು ನಿಲ್ಲಿಸಿಕೊಂಡು ಊರೂರು ತಿರುಗುತ್ತದೆ. ನೋಡಿದವರು ಪೊಲೀಸ್ ಗಾಡಿಯೋ ಏನೋ ಎಂದುಕೊಳ್ಳುವುದುಂಟು.

ಆ ಕಡ್ಡಿ ನಿಜಕ್ಕೂ ಎಷ್ಟು ಉದ್ದ ಇರಬೇಕಿತ್ತು ಗೊತ್ತೇ? ತರಂಗದ ಉದ್ದ ಸುಮಾರು 40 ಮೀಟರ್ ಇರುವ 40 ಮೀಟರ್ ಬ್ಯಾಂಡಿಗೆ ಸುಮಾರು 10 ಮೀಟರ್, ಅಂದರೆ ಮೂರು ಅಂತಸ್ತಿನ ಮನೆಯಷ್ಟು. 80 ಮೀಟರ್ ಬ್ಯಾಂಡಿಗೆ ಅದರ ಎರಡರಷ್ಟು. ಕಾರಿನ ಮೇಲೆ ನಿಲ್ಲುವುದು ಹೆಚ್ಚೆಂದರೆ ಎರಡೂವರೆ ಮೀಟರ್. ಉಳಿದ ಉದ್ದದ ಲೆಕ್ಕವನ್ನು ತಾಮ್ರದ ತಂತಿಯ ಕಾಯಿಲ್ ಸರಿದೂಗಿಸುತ್ತದೆ.

ಸರಿದೂಗಿಸುತ್ತದೆ ನಿಜ, ಪುಕ್ಕಟೆಯಾಗಿ ಅಲ್ಲ. ಆಂಟೆನಾಕ್ಕೆ ವಿಕಿರಣ ರೋಧ ಎಂಬುದೊಂದಿದೆ. ಗಾಳಿಗೆ ಹಾರುವ ಶಕ್ತಿಯ ಪಾಲನ್ನು ನಿರ್ಧರಿಸುವುದು ಅದೇ. ಪೂರ್ಣ ಕಾಲು ತರಂಗದ ಕಡ್ಡಿಗೆ ಅದು ಸುಮಾರು 36 ಓಮ್. 80 ಮೀಟರ್ ಬ್ಯಾಂಡಿನಲ್ಲಿ ಕಾರಿನ ಎರಡೂವರೆ ಮೀಟರ್ ಕಡ್ಡಿಗೆ ಒಂದು ಓಮ್ ಕೂಡ ಇಲ್ಲ. ಅದೇ ಹೊತ್ತಿಗೆ ಕಾಯಿಲ್‌ನ ತಂತಿ, ಕಾರಿನ ಕೀಲುಗಳು, ಕೆಳಗಿನ ನೆಲ ಎಲ್ಲ ಸೇರಿ ಸಲೀಸಾಗಿ 20 ಓಮ್ ನಷ್ಟ ತಂದಿಡುತ್ತವೆ. 100 ವ್ಯಾಟ್ ಕೊಟ್ಟರೆ ಆಕಾಶಕ್ಕೆ ಹೋಗುವುದು ಎರಡೋ ಮೂರೋ ವ್ಯಾಟ್. ಉಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಕಾಯಿಲ್ ಬೆಚ್ಚಗಾಗುತ್ತದೆ, ಕಾರಿನಡಿಯ ಮಣ್ಣೂ ಒಂದಿಷ್ಟು ಬೆಚ್ಚಗಾಗುತ್ತದೆ.

ಹಾಗಿದ್ದೂ ಸಂಪರ್ಕ ಆಗುವುದು ಹೇಗೆ? ರೇಡಿಯೋದ ಲೆಕ್ಕ ಡೆಸಿಬಲ್‌ನಲ್ಲಿ ನಡೆಯುವುದರಿಂದ. 100 ವ್ಯಾಟ್ 3 ವ್ಯಾಟ್‌ಗೆ ಇಳಿದರೆ ನಷ್ಟ 15 ಡೆಸಿಬಲ್. ಸಿಗ್ನಲಿನ ಬಲ ತೋರಿಸುವ ಎಸ್-ಮೀಟರಿನ ಒಂದು ಅಂಕಕ್ಕೆ 6 ಡೆಸಿಬಲ್. ಹಾಗಾಗಿ ಆ ಕಡೆಯವರ ಮೀಟರಿನಲ್ಲಿ ಮುಳ್ಳು ಇಳಿಯುವುದು ಎರಡೂವರೆ ಅಂಕ ಮಾತ್ರ. ಜೇಬಿನಿಂದ ಶೇಕಡಾ 97 ಹೋಗಿದೆ, ಆ ಕಡೆಯವರಿಗೆ ಧ್ವನಿ ಸ್ವಲ್ಪ ತಗ್ಗಿತು ಎನಿಸುತ್ತದೆ, ಅಷ್ಟೇ.

ಕಾರಿನಲ್ಲಿ ಕೂತ ಹ್ಯಾಮ್‌ಗೆ ಎಲ್ಲರೂ ಕೇಳಿಸುತ್ತಾರೆ. ಅವನು ಮಾತ್ರ ಹಲವರಿಗೆ ಕೇಳಿಸುವುದಿಲ್ಲ. ಇದಕ್ಕೆ ಕಾರಣವಿದೆ. ಎಚ್‌ಎಫ್‌ನಲ್ಲಿ ಗುಡುಗು ಸಿಡಿಲಿನ ಗರಗರ, ಊರಿನ ವಿದ್ಯುತ್ ಗದ್ದಲ ಎಷ್ಟು ಜೋರೆಂದರೆ, ಆಂಟೆನಾ ಕಳಪೆಯಾದರೆ ಸಿಗ್ನಲ್ ಜೊತೆ ಗದ್ದಲವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಎರಡರ ನಡುವಿನ ಅಂತರ ಬದಲಾಗುವುದಿಲ್ಲ. ಕಳಿಸುವಾಗ ಈ ರಿಯಾಯಿತಿ ಇಲ್ಲ. ಆದ್ದರಿಂದ ‘ನನ್ನ ಆಂಟೆನಾದಲ್ಲಿ ಯುರೋಪ್ ಚೆನ್ನಾಗಿ ಕೇಳಿಸುತ್ತೆ ಸಾರ್’ ಎಂದು ಯಾರಾದರೂ ಹೊಗಳಿಕೊಂಡರೆ ಒಂದು ನಗೆ ನಕ್ಕು ಸುಮ್ಮನಿರಬಹುದು.

ಕಡ್ಡಿಯ ಉದ್ದ ಎರಡು ಪಟ್ಟಾದರೆ ವಿಕಿರಣ ರೋಧ ನಾಲ್ಕು ಪಟ್ಟು. ದುಬಾರಿ ಕಾಯಿಲ್ ಕೊಳ್ಳುವ ಮೊದಲು ಇನ್ನೊಂದು ಅಡಿ ಕಡ್ಡಿ ಸೇರಿಸಿ ನೋಡುವುದು ಜಾಣತನ.

ಕಾಯಿಲ್ ಎಲ್ಲಿರಬೇಕು ಎಂಬುದು ಹ್ಯಾಮ್‌ಗಳ ನಡುವೆ ಮುಗಿಯದ ಜಗಳ. ಬುಡದಲ್ಲಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅದರ ಮೇಲಿನ ಕಡ್ಡಿಯಲ್ಲಿ ಕರೆಂಟು ಬೇಗ ಬೇಗ ಸೊರಗುತ್ತ ಹೋಗುತ್ತದೆ. ನಡುವಿಗೆ ಏರಿಸಿದರೆ ಕೆಳಗಿನ ಅರ್ಧದ ತುಂಬ ಕರೆಂಟು ಹೆಚ್ಚುಕಡಿಮೆ ಸಮನಾಗಿ ಹರಿಯುತ್ತದೆ, ವಿಕಿರಣ ರೋಧ ಏರುತ್ತದೆ. ಬದಲಿಗೆ ಇಂಡಕ್ಟೆನ್ಸ್ ಸುಮಾರು ಎರಡರಷ್ಟು ಬೇಕು, ಅಂದರೆ ಸುತ್ತು ಹೆಚ್ಚು, ತೂಕ ಹೆಚ್ಚು, ಹೆದ್ದಾರಿಯ ಗಾಳಿಗೆ ಓಲಾಟವೂ ಹೆಚ್ಚು. ಕಾಯಿಲ್‌ನ ಮೇಲೆ ಚಕ್ರದ ಕಡ್ಡಿಗಳ ಹಾಗೆ ಹರಡಿದ ಲೋಹದ ಟೋಪಿಯೊಂದನ್ನು ಕೂರಿಸಿದರೆ ಸುತ್ತು ಕಡಿಮೆ ಸಾಕು, ನಷ್ಟವೂ ತಗ್ಗುತ್ತದೆ. ಟೋಪಿಯನ್ನು ಕಾಯಿಲ್‌ಗೆ ಅಂಟಿಸಿದಂತೆ ಮಾತ್ರ ಇಡಬಾರದು. ಇಟ್ಟರೆ ಬಂದ ಲಾಭವೆಲ್ಲ ಅಲ್ಲೇ ಕರಗುತ್ತದೆ.

ಆಂಟೆನಾ ಕೇಬಲ್‌ಗೆ ಎಷ್ಟು ಹೊಂದಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರ್ 1.1 (1 ಎಂದರೆ ಪೂರ್ತಿ ಹೊಂದಾಣಿಕೆ) ತೋರಿಸಿತೆಂದು ಸಿಹಿ ಹಂಚುವವರಿದ್ದಾರೆ. ಕಾರಿನ ಆಂಟೆನಾದಲ್ಲಿ ಅದು ಕೆಲವೊಮ್ಮೆ ಕೆಟ್ಟ ಸುದ್ದಿ. ಕೇಬಲ್ ಬಯಸುವುದು 50 ಓಮ್. ಅಚ್ಚುಕಟ್ಟಾಗಿ ಕೂರಿಸಿದ 80 ಮೀಟರ್ ಆಂಟೆನಾದ ಬುಡದಲ್ಲಿ ಸಿಗುವುದು 20 ಓಮ್ ಆಸುಪಾಸು, ಹಾಗಾಗಿ ಮೀಟರ್ 2.5 ತೋರಿಸಬೇಕು. ಯಾವ ಹೊಂದಾಣಿಕೆಯೂ ಇಲ್ಲದೆ ಅದು ನೇರ 1.1 ತೋರಿಸಿದರೆ ಎಲ್ಲೋ ತುಕ್ಕು ಹಿಡಿದ ಬೋಲ್ಟೋ ಸಡಿಲ ಅರ್ತೋ ಇನ್ನೂ 30 ಓಮ್ ನಷ್ಟ ಸೇರಿಸಿದೆ ಎಂದರ್ಥ. ಅಂಥ ಆಂಟೆನಾ ಮೀಟರಿಗೆ ಪ್ರಿಯ, ಆಕಾಶಕ್ಕೆ ಅಲ್ಲ. ಪರೀಕ್ಷೆಗೆಂದು ಬಳಸುವ ಡಮ್ಮಿ ಲೋಡ್ ಎಲ್ಲ ಬ್ಯಾಂಡಿನಲ್ಲೂ 1 ತೋರಿಸುತ್ತದೆ, ಅದರ ಧ್ವನಿ ಪಕ್ಕದ ಬೀದಿಗೂ ಮುಟ್ಟುವುದಿಲ್ಲ. ಸರಿಯಾದ ದಾರಿ ಎಂದರೆ ಮೊದಲು ನಷ್ಟ ಕಡಿಮೆ ಮಾಡಿ, ಆಮೇಲೆ ಬುಡದಲ್ಲಿ ಪುಟ್ಟ ಕಾಯಿಲ್ ಒಂದನ್ನು ಅರ್ತ್‌ಗೆ ಜೋಡಿಸಿ 20 ಓಮ್ ಅನ್ನು 50ಕ್ಕೆ ಒಪ್ಪಿಸುವುದು.

ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ. ಹಾಗಾದರೆ ಅರ್ತ್ ಎಲ್ಲಿಂದ ಬಂತು? ಕಾರಿನ ತಗಡಿನ ಮೈ ಒಂದು ಫಲಕ, ಕೆಳಗಿನ ನೆಲ ಇನ್ನೊಂದು ಫಲಕ. ಎರಡೂ ಸೇರಿ ದೊಡ್ಡದೊಂದು ಕೆಪಾಸಿಟರ್. ಈ ಕಾರಣಕ್ಕೇ ಆಂಟೆನಾದ ಪಕ್ಕದಲ್ಲಿ ತಗಡಿದ್ದರೆ ಉಪಯೋಗವಿಲ್ಲ, ಅಡಿಯಲ್ಲಿರಬೇಕು. ಹಿಂದಿನ ಬಂಪರಿನ ಮೂಲೆಗೆ ಸಿಕ್ಕಿಸಿ, ಕಾಯಿಲ್ ಕಾರಿನ ಮೈಗೆ ಒರಗಿಕೊಂಡಿದ್ದರೆ ಅದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ಜೊತೆಗೆ ಬಾನೆಟ್, ಡಿಕ್ಕಿಯ ಮುಚ್ಚಳ, ಬಾಗಿಲು, ಸೈಲೆನ್ಸರ್ ಪೈಪು ಇವೆಲ್ಲ ನೋಡಲು ಒಂದೇ ಕಾರು, ರೇಡಿಯೋದ ಕಣ್ಣಿಗೆ ಬಿಡಿ ಬಿಡಿ ತುಂಡುಗಳು. ಪೇಂಟು ಕೆರೆದು, ಹೆಣೆದ ಅಗಲ ತಾಮ್ರದ ಪಟ್ಟಿಗಳಿಂದ ಅವನ್ನೆಲ್ಲ ಒಂದಕ್ಕೊಂದು ಕಟ್ಟುವ ಕೆಲಸಕ್ಕೆ ಒಂದು ಭಾನುವಾರ ಹಿಡಿಯುತ್ತದೆ. ಮನೆಯವರ ಮುಖ ನೋಡದೆ ಮಾಡಬೇಕಾದ ಕೆಲಸ ಅದು. ದುಡ್ಡು ಕೊಟ್ಟು ಕೊಂಡ ಎಷ್ಟೋ ಆಂಟೆನಾಗಳಿಗಿಂತ ಹೆಚ್ಚಿನ ಫಲ ಇದರಲ್ಲೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮ್ಯಾಗ್ನೆಟ್ ಬುಡದ ಆಂಟೆನಾ ಎಚ್‌ಎಫ್‌ಗಿಂತ ಮೇಲಿನ ವಿಎಚ್‌ಎಫ್‌ಗೆ ಸೊಗಸು. ಎಚ್‌ಎಫ್‌ನ ಕೆಳಗಿನ ಬ್ಯಾಂಡುಗಳಲ್ಲಿ ಪೇಂಟಿನಾಚೆಯ ತಗಡಿನೊಂದಿಗೆ ಅದರ ವಿದ್ಯುತ್ ಜೋಡಣೆ ಸಾಲದು.

ಇನ್ನು 2015ರ ಮಾದರಿಯಿಂದೀಚೆಗೆ ಫೋರ್ಡ್ ಎಫ್-150 ಪಿಕಪ್‌ನ ಮೈ ಅಲ್ಯೂಮಿನಿಯಂನದು. ಮ್ಯಾಗ್ನೆಟ್ ಅಲ್ಲಿ ಕೂರುವುದೇ ಇಲ್ಲ.

ಸಮುದ್ರದ ನೀರು ಸಾಧಾರಣ ಮಣ್ಣಿಗಿಂತ ಸುಮಾರು 1,000 ಪಟ್ಟು ಒಳ್ಳೆಯ ವಿದ್ಯುತ್ ವಾಹಕ. ನೆಟ್ಟಗೆ ನಿಂತ ಆಂಟೆನಾಕ್ಕೆ ಇದಕ್ಕಿಂತ ದೊಡ್ಡ ವರ ಬೇರೆ ಇಲ್ಲ. ದಿಗಂತದ ಅಂಚಿನಲ್ಲಿ ಹೊರಡುವ ಅಲೆಗಳನ್ನು ಒಣ ನೆಲ ನುಂಗಿಬಿಡುತ್ತದೆ, ಉಪ್ಪುನೀರು ದೂರಕ್ಕೆ ಕಳಿಸಿಕೊಡುತ್ತದೆ. ದೂರದೇಶದ ಸಂಪರ್ಕ ಬೇಕಾದವರು ಕಡಲಂಚಿನಲ್ಲಿ ಕಾರು ನಿಲ್ಲಿಸುವುದು ಇದಕ್ಕೇ. ನಮ್ಮ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಸೂರ್ಯಾಸ್ತದ ಫೋಟೋ ತೆಗೆಯುವವರ ನಡುವೆ ಆಂಟೆನಾ ಎತ್ತಿ ಪಶ್ಚಿಮಕ್ಕೆ ಕರೆ ಕೊಡಲು ಇಷ್ಟು ಹೇಳಿ ಮಾಡಿಸಿದ ಜಾಗ ರಾಜ್ಯದಲ್ಲಿ ಇನ್ನೊಂದು ನನಗೆ ಕಾಣದು. ಮನೆಗೆ ಬಂದ ಮೇಲೆ ಬೋಲ್ಟು ನಟ್ಟುಗಳನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಉಪ್ಪಿಗೆ ತಾಮ್ರವೂ ಒಂದೇ, ಕಬ್ಬಿಣವೂ ಒಂದೇ.

ಕಡ್ಡಿಯ ತುದಿಯಲ್ಲಿ ಗೋಲಿಯಂಥ ಲೋಹದ ಉಂಡೆ ಇರುವುದು ಅಲಂಕಾರಕ್ಕಲ್ಲ. 100 ವ್ಯಾಟ್‌ಗೇ 80 ಮೀಟರ್ ಬ್ಯಾಂಡಿನಲ್ಲಿ ಕಾಯಿಲ್‌ನ ಮೇಲ್ತುದಿಯಲ್ಲಿ ಸಾವಿರಾರು ವೋಲ್ಟ್ ನಿಲ್ಲುತ್ತದೆ. ಚೂಪು ತುದಿಯಾದರೆ ಗಾಳಿಯೇ ಅಯಾನಾಗಿ ಕಿಡಿ ಸೋರುತ್ತದೆ, ದುಂಡು ತುದಿ ಅದನ್ನು ತಡೆಯುತ್ತದೆ. ಕಣ್ಣಿಗೆ ಚುಚ್ಚುವುದಿಲ್ಲ ಎಂಬುದೂ ಒಂದು ಲಾಭ. ಮಾತಾಡುತ್ತಿರುವಾಗ ಆಂಟೆನಾ ಮುಟ್ಟಿದರೆ ಸುಟ್ಟ ಗಾಯ ಖಂಡಿತ. ನಿಲ್ಲಿಸಿದ ಕಾರಿನ ಸುತ್ತ ಮಕ್ಕಳು ಸೇರಿದರೆ ಮೈಕ್ ಕೆಳಗಿಡುವುದು ನಿಯಮ.

ಸ್ಕ್ರೂಡ್ರೈವರ್ ಆಂಟೆನಾ ಹುಟ್ಟಿದ್ದು ನಿಜವಾಗಿಯೂ ಸ್ಕ್ರೂಡ್ರೈವರಿನಿಂದಲೇ! ಅಮೆರಿಕದ ಹ್ಯಾಮ್ ಡಾನ್ ಜಾನ್ಸನ್, ಕರೆಸಂಕೇತ ಡಬ್ಲ್ಯೂ6ಎಎಕ್ಯೂ, ಬ್ಯಾಟರಿ ಸ್ಕ್ರೂಡ್ರೈವರಿನ ಮೋಟರನ್ನು ಆಂಟೆನಾದ ಬುಡದ ಕೊಳವೆಯೊಳಗೆ ಕೂರಿಸಿದರು. ಗುಂಡಿ ಒತ್ತಿದರೆ ಮೋಟರು ತಿರುಗಿ ಕಾಯಿಲ್ ಮೇಲೇರುತ್ತದೆ ಇಲ್ಲವೇ ಕೊಳವೆಯೊಳಗೆ ಇಳಿಯುತ್ತದೆ. ಹೊರಗೆ ಕಾಣುವಷ್ಟು ಸುತ್ತು ಮಾತ್ರ ಲೆಕ್ಕಕ್ಕೆ. ಅದಕ್ಕೆ ಮುಂಚೆ ಬ್ಯಾಂಡ್ ಬದಲಿಸಬೇಕಾದರೆ ಕಾರು ನಿಲ್ಲಿಸಿ, ಇಳಿದು, ಕಾಯಿಲ್ ಬಿಚ್ಚಿ ಬೇರೆಯದನ್ನು ಹಾಕಬೇಕಿತ್ತು. ಮಳೆಯಲ್ಲಾದರೆ ಕೊಡೆ ಹಿಡಿದು.

ಒಳ್ಳೆಯ ಆಂಟೆನಾ ಬಹಳ ಸೂಕ್ಷ್ಮ. 80 ಮೀಟರ್‌ನಲ್ಲಿ ಹತ್ತಿಪ್ಪತ್ತು ಕಿಲೋಹರ್ಟ್ಸ್ ಆಚೀಚೆ ಹೋದರೆ ಮತ್ತೆ ಟ್ಯೂನ್ ಮಾಡಬೇಕು. ಮಳೆ ಬಿದ್ದರೆ, ಮರದ ಕೆಳಗೆ ನಿಂತರೆ, ಕೆಲವೊಮ್ಮೆ ಡಿಕ್ಕಿ ತೆರೆದರೂ ಮುನಿಸು. ಯಾವ ತಗಾದೆಯನ್ನೂ ತೆಗೆಯದೆ ಇಡೀ ಬ್ಯಾಂಡಿಗೆ ಒಗ್ಗುವ ಮೋಟು ಆಂಟೆನಾವನ್ನು ಅನುಮಾನದಿಂದಲೇ ನೋಡಬೇಕು.

10 ಮೀಟರ್ ಬ್ಯಾಂಡಿನಲ್ಲಿ ಈ ತಾಪತ್ರಯ ಒಂದೂ ಇಲ್ಲ. ಅಲ್ಲಿ ಎರಡೂವರೆ ಮೀಟರ್ ಕಡ್ಡಿಯೇ ಪೂರ್ಣ ಕಾಲು ತರಂಗ, ಕಾಯಿಲ್ ಬೇಡ. ಅಮೆರಿಕದ ಲಾರಿ ಚಾಲಕರ 27 ಮೆಗಾಹರ್ಟ್ಸ್ ರೇಡಿಯೋಗೆಂದು ಮಾಡಿದ 102 ಇಂಚಿನ ಸ್ಟೀಲ್ ಕಡ್ಡಿಯನ್ನು ಚೂರು ಕತ್ತರಿಸಿಕೊಂಡು ಹ್ಯಾಮ್‌ಗಳು ಬಳಸುವುದುಂಟು. ಒಂದೇ ತೊಂದರೆ: ಆ ಬ್ಯಾಂಡು ಸೂರ್ಯನ ಮರ್ಜಿಯಲ್ಲಿದೆ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯಕಲೆಗಳು ಹೆಚ್ಚಿದಾಗ ಹತ್ತು ವ್ಯಾಟ್‌ಗೆ ಖಂಡ ದಾಟುತ್ತದೆ, ತಗ್ಗಿದಾಗ ದಿನಗಟ್ಟಲೆ ಮೌನ.

ಆಂಟೆನಾವನ್ನು ಬೇಕೆಂದೇ ಬಗ್ಗಿಸುವವರೂ ಇದ್ದಾರೆ. ಸೇನೆಯ ವಾಹನಗಳಲ್ಲಿ ಉದ್ದನೆಯ ಕಡ್ಡಿಯನ್ನು ಬಾಗಿಸಿ ಹಗ್ಗದಿಂದ ಕಟ್ಟಿರುವುದನ್ನು ಚಿತ್ರಗಳಲ್ಲಿ ನೋಡಿರಬಹುದು. ಕೊಂಬೆಗೆ ತಾಗದಿರಲಿ ಎಂಬುದು ಒಂದು ಕಾರಣ. ಇನ್ನೊಂದು, ಮಲಗಿದ ಆಂಟೆನಾದಿಂದ ಹೆಚ್ಚಿನ ಅಲೆ ನೆತ್ತಿಯ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ಬಡಿದು, ಸುತ್ತಲ ಕೆಲವು ನೂರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ ಗುಡ್ಡಕ್ಕೆ ಹಣೆ ಚಚ್ಚಿಕೊಂಡರೆ, ಹೀಗೆ ಹೋದ 40 ಮೀಟರ್ ಸಿಗ್ನಲ್ ಗುಡ್ಡದ ಮೇಲಿಂದ ಹಾರಿ ಬರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ಟ್ರಕ್ಕುಗಳಲ್ಲಿ ಓಡಾಡಿದ ಎಸ್‌ಸಿಆರ್-299 ರೇಡಿಯೋ ಕೇಂದ್ರದ ಪ್ರೇಷಕ ಹುಟ್ಟಿದ್ದು ಹ್ಯಾಮ್‌ಗಳಿಗಾಗಿ. ಹ್ಯಾಲಿಕ್ರಾಫ್ಟರ್ಸ್ ಕಂಪನಿಯ ಎಚ್‌ಟಿ-4 ಎಂಬ ಹವ್ಯಾಸಿಗಳ ಯಂತ್ರವೇ ಸಮವಸ್ತ್ರ ತೊಟ್ಟು ಬಿಸಿ-610 ಆಯಿತು.

1957ರಲ್ಲಿ ಕಾಲಿನ್ಸ್ ಕಂಪನಿ ತಂದ ಕೆಡಬ್ಲ್ಯೂಎಂ-1, ಕಾರಿನಲ್ಲೂ ಕೂರಬಲ್ಲ, ಧ್ವನಿಯನ್ನು ಕಿರಿದಾದ ಪಟ್ಟಿಯಲ್ಲಿ ಕಳಿಸುವ ಸಿಂಗಲ್ ಸೈಡ್‌ಬ್ಯಾಂಡ್ ರೇಡಿಯೋ. ವಾಲ್ವ್‌ಗಳ ಕಾಲ ಅದು. ಕಾರಿನ ಬ್ಯಾಟರಿಯ ಪುಡಿ ವೋಲ್ಟೇಜನ್ನು ನೂರಾರು ವೋಲ್ಟಿಗೆ ಏರಿಸುವ ಭಾರದ ಪೆಟ್ಟಿಗೆ ಬೇರೆ ಬೇಕಿತ್ತು.

ಈಗಿನ 100 ವ್ಯಾಟ್ ರೇಡಿಯೋ ಮಾತಾಡುವಾಗ 20 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹಾರುವುದೇ ಸರಿ. ದಪ್ಪ ತಂತಿಯನ್ನು ನೇರ ಬ್ಯಾಟರಿಯಿಂದ ತಂದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಬೇಕು.

ಎಲೆಕ್ಟ್ರಿಕ್ ಕಾರುಗಳು ಸದ್ದಿಲ್ಲದವು ಎಂದು ಯಾರು ಹೇಳಿದರು? ಅವುಗಳ ಇನ್ವರ್ಟರಿನ ರೇಡಿಯೋ ಗದ್ದಲ ಎಷ್ಟೆಂದರೆ ಟೆಸ್ಲಾ, ಬಿಎಂಡಬ್ಲ್ಯೂ ಮೊದಲಾದ ಕಂಪನಿಗಳು ತಮ್ಮ ಎಲೆಕ್ಟ್ರಿಕ್ ಮಾದರಿಗಳಲ್ಲಿ ಎಎಂ ರೇಡಿಯೋವನ್ನೇ ಕೈಬಿಟ್ಟವು. ಪೆಟ್ರೋಲ್ ಕಾರಿನ ಸ್ಪಾರ್ಕ್ ಪ್ಲಗ್‌ನ ಟಕಟಕ, ಆಲ್ಟರ್ನೇಟರಿನ ಕುಂಯ್‌ಗುಟ್ಟುವಿಕೆಗೆ ಮದ್ದು ಗೊತ್ತಿದೆ. ಈ ಹೊಸ ಗದ್ದಲದ ಮುಂದೆ ಅದನ್ನು ಹೀರಿಕೊಳ್ಳುವ ಫೆರೈಟ್ ಉಂಗುರಗಳ ಸರವೇ ಬೇಕಾಗುತ್ತದೆ.

ನಮ್ಮ ವಿದ್ಯುದೀಕೃತ ರೈಲು ಮಾರ್ಗದ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಲೆವೆಲ್ ಕ್ರಾಸಿಂಗಿನ ಎರಡೂ ಕಡೆ ನಿಲ್ಲಿಸಿದ ಹೈಟ್ ಗೇಜ್ ಲಾರಿಯವರಿಗೆ ಮಾತ್ರ ಅಂದುಕೊಳ್ಳಬೇಡಿ, ಉದ್ದ ಕಡ್ಡಿ ಹೊತ್ತ ಕಾರಿಗೂ ಅದು ಎಚ್ಚರಿಕೆಯೇ. ಇನ್ನು ಕಾನೂನಿನ ಮಾತು. ಚಾಲಕನೇ ಕೈಯಲ್ಲಿ ಸಂವಹನ ಸಾಧನ ಹಿಡಿದು ಗಾಡಿ ಓಡಿಸುವುದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಡಿ ಅಪಾಯಕಾರಿ ಚಾಲನೆ. ಕಾರು ನಿಲ್ಲಿಸಿ ಮಾತಾಡಿದರೆ ದಂಡವೂ ಇಲ್ಲ, ಎಂಜಿನ್ನಿನ ಗದ್ದಲವೂ ಇಲ್ಲ.

ಕೊನೆಯದಾಗಿ ಒಂದು ಹುಚ್ಚು. ಅಮೆರಿಕದಲ್ಲಿ ಕೌಂಟಿ ಬೇಟೆಗಾರರೆಂಬ ಹ್ಯಾಮ್‌ಗಳಿದ್ದಾರೆ. ಸಿಕ್ಯೂ ಪತ್ರಿಕೆ ಆರಂಭಿಸಿದ ಪ್ರಶಸ್ತಿಯ ಲೆಕ್ಕದಲ್ಲಿ ಅಲ್ಲಿ 3,077 ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು. ಪ್ರತಿಯೊಂದರಿಂದಲೂ ಒಂದು ಸಂಪರ್ಕ ಬೇಕು. ಹಲವು ಕೌಂಟಿಗಳಲ್ಲಿ ಕರೆಗೆ ಓಗೊಡುವ ಹ್ಯಾಮೇ ಸಿಗುವುದಿಲ್ಲವಾದ್ದರಿಂದ, ಆಂಟೆನಾ ಹೊತ್ತ ಕಾರುಗಳು ಆ ಖಾಲಿ ಊರುಗಳಿಗೆ ಹೋಗಿ 14.336 ಮೆಗಾಹರ್ಟ್ಸ್‌ನಲ್ಲಿ ಕಾಯುತ್ತಿರುವವರಿಗೆ ಸಂಪರ್ಕ ಕೊಟ್ಟು ಬರುತ್ತವೆ. ಜಾಣರು ಗಡಿರೇಖೆಯ ಮೇಲೇ ಕಾರು ನಿಲ್ಲಿಸುತ್ತಾರೆ. ಬಾನೆಟ್ ಒಂದು ಕೌಂಟಿಯಲ್ಲಿ, ಡಿಕ್ಕಿ ಇನ್ನೊಂದರಲ್ಲಿ. ಒಂದೇ ಮಾತಿಗೆ ಎರಡು ಕೌಂಟಿ ಜಮಾ.