ಹಿತ್ತಲ ಲೋಳೆಸರ: ಸಣ್ಣ ಸುಟ್ಟಗಾಯಕ್ಕೆ ಮನೆಮದ್ದು

ಒಲೆಯ ಮುಂದೆ, ಆಲೆಮನೆಯಲ್ಲಿ ಕೈ ಸುಟ್ಟುಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಆಗ ನೀವು ಮೊದಲು ಹುಡುಕಬೇಕಾದುದು ಮದ್ದನ್ನಲ್ಲ, ತಣ್ಣೀರನ್ನು. ಸುಟ್ಟ ಭಾಗದ ಮೇಲೆ 20 ನಿಮಿಷ ಶುದ್ಧ ತಣ್ಣೀರು ಸುರಿಯುತ್ತಿರಿ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಿರಿ. ತುಪ್ಪ, ಶಾಯಿ, ಟೂತ್‌ಪೇಸ್ಟ್ ಹಚ್ಚಬೇಡಿರಿ.

ಚರ್ಮ ಕೆಂಪಾಗಿ ಉರಿಯುತ್ತಿದ್ದು, ಬೊಬ್ಬೆ ಏಳದಿದ್ದರೆ ಮಾತ್ರ ಲೋಳೆಸರ ಬಳಸಬಹುದು. ಬೇಲಿಯ ಕತ್ತಾಳೆ ಬೇರೆ; ಅದರ ರಸ ತಗುಲಿದರೆ ತುರಿಕೆ ಏಳುತ್ತದೆ. ಲೋಳೆಸರದ ಬಲಿತ ಎಲೆಯೊಂದನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿ ಕೆಳಗಾಗುವಂತೆ 10-15 ನಿಮಿಷ ನಿಲ್ಲಿಸಿರಿ. ಆಗ ಸೋರುವ ಹಳದಿ ರಸವೂ ಚರ್ಮವನ್ನು ಕೆರಳಿಸುವಂಥದೇ. ಅದನ್ನು ಚೆಲ್ಲಿ, ಎಲೆಯನ್ನು ತೊಳೆದು, ಸಿಪ್ಪೆ ಹೆರೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಶುಭ್ರವಾದ ಕೈಯಿಂದ ತೆಳುವಾಗಿ ಲೇಪಿಸಿರಿ. ದಿನಕ್ಕೆ 2-3 ಸಲ ಸಾಕು. ಪ್ರತಿ ಸಲವೂ ತಾಜಾ ಲೋಳೆಯೇ ಇರಲಿ.

ಕುದಿಯುವ ಬೆಲ್ಲದ ಪಾಕ ಮೈಗೆ ಅಂಟಿಕೊಂಡು ಆಳವಾಗಿ ಸುಡುತ್ತದೆ. ಅಂಥ ಗಾಯಕ್ಕೂ, ಅಂಗೈಗಿಂತ ದೊಡ್ಡ ಗಾಯಕ್ಕೂ, ಮುಖ ಮತ್ತು ಕೀಲುಗಳ ಗಾಯಕ್ಕೂ, ಎಳೆಯ ಮಕ್ಕಳ ಗಾಯಕ್ಕೂ ಲೋಳೆಸರ ಮದ್ದಲ್ಲ. ತಣ್ಣೀರು ಸುರಿದು, ಶುಭ್ರ ಬಟ್ಟೆ ಮುಚ್ಚಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ತಾಯಿಗಿಡದ ಬುಡದಲ್ಲಿ ಒಡೆದ ಮರಿಯೊಂದನ್ನು ಹಿತ್ತಲಲ್ಲಿ, ನೀರು ನಿಲ್ಲದ ಕಡೆ ಇಂದೇ ನೆಡಿರಿ.