ಸೆರೆಯಾಳು ಶಾಸನ ಹುಡುಕಿದ

ನಿಮಗಿದು ಗೊತ್ತೆ? 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ರಾಣಿ ಚೆನ್ನಮ್ಮ ಇಬ್ಬರನ್ನೂ ಡಿಸೆಂಬರಿನಲ್ಲಿ ಸುರಕ್ಷಿತವಾಗಿ ಬಿಟ್ಟುಕೊಟ್ಟಳು. ಆಮೇಲೂ ಎಲಿಯಟ್ ಈ ಸೀಮೆ ಬಿಡಲಿಲ್ಲ. 1833ರವರೆಗೆ ಇಲ್ಲಿದ್ದು, ಸ್ಥಳೀಯರ ನೆರವಿನಿಂದ ಶಾಸನಗಳ ಪ್ರತಿ ಮಾಡಿಸಿದ. ಆ ಸಂಗ್ರಹದಲ್ಲಿ 595 ಶಾಸನಗಳಿವೆ! ಪರದೇಶದವನು ಒಂದು ನಾಡಿಗೆ ನಿಜವಾಗಿ ಹೊಂದಿಕೊಳ್ಳುವುದು ಅಲ್ಲಿಯವರಿಂದ ಕಲಿಯಲು ಕೂತಾಗಲೇ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆಳುವುದಕ್ಕಾಗಿ ಕಲಿತ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಮಾತಿನಲ್ಲಿ ಹುರುಳಿದೆ. ಆದರೆ ಕಂದಾಯ ವಸೂಲಿಗೆ ಆ ಶಾಸನಗಳು ಹೇಳುವ ಚಾಲುಕ್ಯರ ವಂಶಾವಳಿ ಬೇಕಿರಲಿಲ್ಲ. ಮುಂದೆ ಫ್ಲೀಟ್ ಎಂಬ ಇನ್ನೊಬ್ಬ ಬ್ರಿಟಿಷ್ ಅಧಿಕಾರಿ, ತನ್ನದೇ ಸರ್ಕಾರದ ವಿರುದ್ಧ ಬಂಡೆದ್ದ ಬೈಲಹೊಂಗಲ ಸೀಮೆಯ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ.