ನಮ್ಮ ಮನಿಗೆ ಬಂದ ಮನಿ

ಪುಣೆಯ ಕೊಥ್ರೂಡ್‌ನಲ್ಲಿ ನಾನು ಬಾಡಿಗೆಗಿರುವ ಫ್ಲ್ಯಾಟ್‌ನಲ್ಲಿ ಮಲಗುವ ಕೋಣೆಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ಇದು ನನ್ನ ಲೆಕ್ಕ. ಎರಡೂ ಕಾಲು ನೆಟ್ಟಗಿದ್ದವರಿಗೆ ಎಂಟಾದೀತು. ಈ ಹದಿನಾಲ್ಕು ಹೆಜ್ಜೆಯಲ್ಲಿ ಬೆಕ್ಕು ನಾಲ್ಕು ಸಲವಾದರೂ ಅಡ್ಡ ಬರುತ್ತದೆ. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಹುಬ್ಬಳ್ಳಿಯಲ್ಲಿ ಹಿರಿಯರು ಐದು ನಿಮಿಷ ಕೂತು, ನೀರು ಕುಡಿದು ಹೊರಡುತ್ತಿದ್ದರು. ನನಗೆ ಶಕುನದ ಭಯವಿಲ್ಲ. ಆದರೆ ಎಡಗಾಲಿಗೆ ಕ್ಯಾಲಿಪರ್, ಬಲಗೈಗೆ ಊರುಗೋಲು ಇರುವವಳಿಗೆ ಬೆಕ್ಕು ಅಡ್ಡ ಬಂದರೆ ಕೆಲಸಕ್ಕಿಂತ ಮೊದಲು ಸೊಂಟ ಕೆಡುತ್ತದೆ.

ನಾನು ಹುಟ್ಟಿದ್ದು 1978ರಲ್ಲಿ. ಒಂದೂವರೆ ವರ್ಷದವಳಿದ್ದಾಗ ಜ್ವರ ಬಂತು. ಜ್ವರ ಇಳಿಯಿತು, ಎಡಗಾಲು ಮಾತ್ರ ಏಳಲಿಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಸಿಕ್ಕಿದಾಗ ಆಫೀಸಿನಲ್ಲಿ ಪೇಪರ್ ಓದಿ ನಾನೂ ಖುಷಿಪಟ್ಟೆ. ರೋಗ ಹೋಯಿತು, ರೋಗ ಬಂದುಹೋದವರು ಇನ್ನೂ ಇದ್ದೇವೆ. ಹತ್ತಾರು ವರ್ಷ ಹೇಗೋ ದುಡಿದ ಸ್ನಾಯುಗಳು ನಡುವಯಸ್ಸಿನಲ್ಲಿ ಮತ್ತೆ ಸೋಲತೊಡಗುತ್ತವೆ. ಇದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎನ್ನುತ್ತಾರೆ. ನನಗದು ನಲವತ್ತು ದಾಟಿದ ಮೇಲೆ ಶುರುವಾಯಿತು. ‘ಶಕ್ತಿಯನ್ನು ದುಡ್ಡಿನ ಹಾಗೆ ನೋಡಿ ಖರ್ಚು ಮಾಡಿ’ ಎಂದರು ಡಾಕ್ಟರು. ವಿಮಾ ಕಂಪನಿಯ ಕ್ಲೇಮ್ ನೋಡುವ ಕೆಲಸ ನನ್ನದು. ಮನೆಯಿಂದಲೇ ಮಾಡಲು ಒಪ್ಪಿಗೆ ಸಿಕ್ಕಿತು. ಜತೆಗಿದ್ದ ಅವ್ವ ತೀರಿಕೊಂಡ ಮೇಲೆ, ಬೆಳಿಗ್ಗೆ ಕೆಲಸದ ಮಾವಶಿ ಬಂದು ಹೋದರೆ ಮರುದಿನ ಅವರೇ ಬರುವತನಕ ಬಾಗಿಲು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸಂಜೆ ಆಫೀಸಿನ ಕಾಲ್ ಮುಗಿದು ಹೆಡ್‌ಫೋನ್ ತೆಗೆದಾಗ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ.

ಬೆಕ್ಕು ಸಾಕುತ್ತೇನೆಂದಾಗ ಹುಬ್ಬಳ್ಳಿಯಿಂದ ಅಕ್ಕ ಫೋನಿನಲ್ಲೇ ಜಗಳಕ್ಕೆ ನಿಂತಳು. ‘ನಿನ್ನ ನೋಡ್ಕೊಳ್ಳಾಕ ಒಬ್ಬರು ಬೇಕು, ನೀ ಬೆಕ್ಕ ನೋಡ್ಕೋತೀಯೇನವಾ? ಕಾಲಾಗ ಸಿಕ್ಕು ಬಿದ್ರ ಯಾರ ಬರತಾರ ಅಲ್ಲಿ?’ ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಸಿಟ್ಟು ಬಂತು.

ಮೊದಲು ವಿಚಾರಿಸಿದ ಕಡೆ ಕ್ಯಾಲಿಪರ್ ಸುದ್ದಿ ಹೇಳಿದ ಮೇಲೆ ಉತ್ತರವೇ ಬರಲಿಲ್ಲ. ಎರಡನೆಯವರು ಬೀದಿಯ ಬೆಕ್ಕುಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿ, ದತ್ತು ಕೊಡುವ ಹೆಂಗಸು. ಅವರ ಅರ್ಜಿಯಲ್ಲಿ ಒಂದು ಪ್ರಶ್ನೆ: ‘ನೀವು ಆಸ್ಪತ್ರೆ ಸೇರಿದರೆ ಬೆಕ್ಕನ್ನು ಯಾರು ನೋಡಿಕೊಳ್ಳುತ್ತಾರೆ?’ ಓದಿದಾಗ ಚುಚ್ಚಿತು. ಆಮೇಲೆ ತಿಳಿಯಿತು, ಅದು ನನಗೊಬ್ಬಳಿಗೇ ಬರೆದ ಪ್ರಶ್ನೆಯಲ್ಲ, ಅರ್ಜಿ ತುಂಬುವ ಎಲ್ಲರಿಗೂ ಇದೆ. ಜೀವನದುದ್ದಕ್ಕೂ ‘ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದೇ ಕೇಳಿಸಿಕೊಂಡವಳಿಗೆ, ಇನ್ನೊಂದು ಜೀವದ ಜವಾಬ್ದಾರಿ ನಿನ್ನದು ಎಂದು ಗೃಹೀತ ಹಿಡಿದು ಯಾರೋ ಕೇಳಿದ್ದು ಹೊಸದು. ಎದುರು ಫ್ಲ್ಯಾಟಿನ ಆಜಿಯನ್ನು ಕೇಳಿ, ಅವರ ಹೆಸರು ಬರೆದೆ.

ಆ ಹೆಂಗಸು ಕೊಟ್ಟ ಬುದ್ಧಿಮಾತನ್ನು ನನ್ನಂಥವರು ಯಾರಾದರೂ ಓದುತ್ತಿದ್ದರೆ ಹೇಳಲೇಬೇಕು: ಮರಿ ತರಬೇಡಿ. ಮರಿ ಎಷ್ಟೇ ಮುದ್ದಾಗಿದ್ದರೂ ಮೊದಲ ವರ್ಷ ಕಾಲಡಿಯಲ್ಲೇ ಓಡುತ್ತದೆ, ಪರದೆ ಹತ್ತುತ್ತದೆ, ಮುಂದೆ ಎಂಥ ಸ್ವಭಾವದ್ದಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಬೆಳೆದ ಬೆಕ್ಕಿನ ಗುಣ ಎದುರಿಗೇ ಕಾಣುತ್ತದೆ. ನನಗೆ ಅವರು ತೋರಿಸಿದ್ದು ನಾಲ್ಕು ವರ್ಷದ, ಬೂದು ಪಟ್ಟೆಯ ಹೆಣ್ಣುಬೆಕ್ಕು. ಎಡಗಿವಿಯ ತುದಿ ಇಷ್ಟೇ ಇಷ್ಟು ಕತ್ತರಿಸಿತ್ತು. ಸಂತಾನಹರಣ ಆಗಿದೆ ಎಂಬುದಕ್ಕೆ ಬೀದಿಬೆಕ್ಕುಗಳಿಗೆ ಮಾಡುವ ಗುರುತು ಅದು. ಊರುಗೋಲು ಕಂಡು ಓಡಲಿಲ್ಲ. ಹತ್ತಿರ ಬಂದು ಅದರ ರಬ್ಬರ್ ಬುಡ ಮೂಸಿತು, ಮೈ ತಿಕ್ಕಿತು, ಹೋಗಿ ಕೂತಿತು.

ಮರಾಠಿಯವರು ಬೆಕ್ಕನ್ನು ಮುದ್ದಿನಿಂದ ‘ಮನಿಮಾವೂ’ ಎನ್ನುತ್ತಾರೆ. ಮಾವಶಿ ಮೊದಲ ದಿನವೇ ಮನಿ ಎಂದರು, ಅದೇ ನಿಂತಿತು. ನಮ್ಮ ಕಡೆ ಮನಿ ಎಂದರೆ ಮನೆ. ‘ಮನಿ ಹೆಂಗ ಐತಿ?’ ಎಂದು ಅಕ್ಕ ಕೇಳಿದರೆ ಯಾವುದರ ಬಗ್ಗೆ ಎಂದು ನಾನು ತಿರುಗಿ ಕೇಳಬೇಕು.

ಸೊಸೈಟಿಯವರದು ಹೆಚ್ಚು ಹೇಳುವಂಥದ್ದಿಲ್ಲ. ಬೆಕ್ಕಿಗೆ ಅನುಮತಿ ಬೇಕೆಂದರು. ಬಹುಮತವಿದ್ದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎನ್ನುವ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಕಳಿಸಿದೆ, ಸುಮ್ಮನಾದರು. ತಲೆಬಿಸಿಯಾದದ್ದು ಮನೆಯೊಳಗಿನ ವ್ಯವಸ್ಥೆ. ಕ್ಯಾಲಿಪರ್‌ನ ಮಂಡಿಯ ಲಾಕ್ ಹಾಕಿಕೊಂಡು ನಿಂತವರು ನೆಲಕ್ಕೆ ಬಗ್ಗುವುದೆಂದರೆ ಏಣಿ ಮಡಚಿದ ಹಾಗೆ. ಆದ್ದರಿಂದ ಬೆಕ್ಕಿನ ಸಾಮಾನೆಲ್ಲ ನನ್ನ ಕೈ ಎತ್ತರಕ್ಕೆ ಬಂತು. ಬಾಲ್ಕನಿಯಲ್ಲಿ ಅವ್ವನ ಹಳೆಯ ಕಟ್ಟಿಗೆ ಬೆಂಚು, ಅದರ ಮೇಲೆ ಲಿಟರ್ ಟ್ರೇ. ಬೆಕ್ಕಿಗೆ ಹಾರುವುದು ಕಷ್ಟವೇ? ಕುರ್ಚಿಯಲ್ಲಿ ಕೂತು ಉದ್ದ ಹಿಡಿಯ ಸೌಟಿನಿಂದ ಬಳಿಯುತ್ತೇನೆ. ಲಿಟರ್ ಐದು ಕಿಲೋದ ಚೀಲವೇ ಬೇಕು; ಹತ್ತರದ್ದು ಅಗ್ಗ, ಆದರೆ ಎಳೆಯುವವರ್‍ಯಾರು? ಊಟದ ತಟ್ಟೆ ಕಿಟಕಿಯ ಕಟ್ಟೆಯ ಮೇಲೆ. ಕೊರಳಿಗೆ, ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿ, ಅದಕ್ಕೊಂದು ಗೆಜ್ಜೆ. ಗೆಜ್ಜೆ ಕೇಳಿದರೆ ನಾನು ನಿಲ್ಲುತ್ತೇನೆ. ಅದು ದಾಟಿದ ಮೇಲೆ ಹೆಜ್ಜೆ.

ನೆಲಕ್ಕೆ ಬಿದ್ದದ್ದನ್ನು ಅಲ್ಲೇ ಬಿಡುವುದು ನನ್ನ ಹಳೆಯ ಅಭ್ಯಾಸ. ಪೆನ್ನು, ಟಿಕಳಿ, ಬಟ್ಟೆಯ ಕ್ಲಿಪ್ಪು, ಏನೇ ಇರಲಿ, ಬೆಳಿಗ್ಗೆ ಮಾವಶಿ ಎತ್ತಿಡುತ್ತಿದ್ದರು. ಕಳೆದ ಮಳೆಗಾಲದ ಒಂದು ರಾತ್ರಿ ಭುಜ ಬಹಳ ನೋಯುತ್ತಿತ್ತು. ಊರುಗೋಲಿನ ಮೇಲೆ ವರ್ಷಗಟ್ಟಲೆ ಭಾರ ಹಾಕಿದವರ ನೋವು. ಕ್ಯಾಲಿಪರ್ ಬಿಚ್ಚಿ ಮಂಚದ ಮೇಲೆ ಕೂತು ಪ್ಯಾರಾಸಿಟಮಾಲ್ ಸ್ಟ್ರಿಪ್ ಒತ್ತಿದೆ. ಮಾತ್ರೆ ಚಿಮ್ಮಿ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಗೆಜ್ಜೆ ಸದ್ದಾಯಿತು. ಮನಿಗೆ ಆಟದ ವಸ್ತು ಸಿಕ್ಕಿತ್ತು.

ಮೊದಲ ಲಸಿಕೆಗೆ ಬಂದಾಗಲೇ ಪಶುವೈದ್ಯರು ಎಚ್ಚರಿಸಿದ್ದರು. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಅರ್ಧ ಮಾತ್ರೆಯೂ ಜೀವ ತೆಗೆಯಬಹುದು. ಕ್ಯಾಲಿಪರ್ ಹಾಕಲು ಬೂಟು, ಪಟ್ಟಿ, ಬಕಲ್ ಎಂದು ಐದು ನಿಮಿಷ ಬೇಕು. ಅಷ್ಟು ಪುರಸೊತ್ತಿರಲಿಲ್ಲ. ಕೈಯೂರಿ ನೆಲಕ್ಕಿಳಿದೆ. ಹಾಸ್ಟೆಲ್ ದಿನಗಳ ನಂತರ ಯಾರ ಎದುರಿಗೂ ನಾನು ನೆಲದ ಮೇಲೆ ತೆವಳಿದವಳಲ್ಲ. ಅವ್ವನ ಎದುರೂ ಆದಷ್ಟು ತಪ್ಪಿಸುತ್ತಿದ್ದೆ. ಒಂದು ತುಂಡು ಮಂಚದ ಕಾಲಿನ ಹತ್ತಿರವೇ ಸಿಕ್ಕಿತು. ಇನ್ನೊಂದಿಲ್ಲ. ಬೆಕ್ಕಿನ ಬಾಯಿಗೆ ಬೆರಳು ಹಾಕಿ ನೋಡಿ ಪರಚಿಸಿಕೊಂಡೆ. ಮೊಬೈಲ್ ಟಾರ್ಚ್ ಹಿಡಿದು ಮಂಚದ ಕೆಳಗೆ, ಅಲಮಾರಿನ ಹಿಂದೆ, ಚಾಪೆಯ ಅಡಿ ತಡಕಾಡಿದೆ. ಮನಿಯೂ ನನ್ನ ಜತೆಗೇ ಬಂದು ನಾನು ಇಣುಕಿದಲ್ಲೆಲ್ಲ ಇಣುಕಿತು. ನಡುರಾತ್ರಿಯಲ್ಲಿ ನಾನೂ ಆಟಕ್ಕೆ ಇಳಿದಿದ್ದೇನೆಂದು ಅದರ ಭಾವನೆ. ಡಾಕ್ಟರಿಗೆ ಫೋನ್ ಮಾಡಲು ನಂಬರ್ ತೆಗೆದೂ ಆಗಿತ್ತು. ಆಗ ಬಾಲ್ಕನಿಯ ಸರಿಯುವ ಬಾಗಿಲಿನ ಹಳಿಯಲ್ಲಿ, ಧೂಳಿನ ಜತೆ, ಬಿಳಿಯ ಅರ್ಧಚಂದ್ರ ಕಂಡಿತು. ಎರಡನ್ನೂ ಅಂಗೈಯಲ್ಲಿ ಜೋಡಿಸಿ ನೋಡಿದೆ. ಪೂರ್ತಿ ಇತ್ತು.

ಮಂಚಕ್ಕೆ ಏರುವಷ್ಟು ತ್ರಾಣ ಉಳಿದಿರಲಿಲ್ಲ. ಹೊದಿಕೆ ಎಳೆದುಕೊಂಡು ನೆಲದ ಮೇಲೆಯೇ ಮಲಗಿದೆ. ಮನಿ ಬಂದು ಬಲಗಾಲಿಗೆ ಆತುಕೊಂಡಿತು. ಎಡಗಾಲಿನ ಕಡೆ ಅದು ಎಂದೂ ಮಲಗುವುದಿಲ್ಲ. ಪೋಲಿಯೊ ಕಾಲು ಸದಾ ತಣ್ಣಗೆ, ಬೆಕ್ಕಿಗೆ ಬೇಕಾದದ್ದು ಬಿಸಿ. ಕನಿಕರ ತೋರುವ ಪ್ರಾಣಿಯಲ್ಲ ಇದು. ಬೆಳಿಗ್ಗೆ ತಮ್ಮಲ್ಲಿರುವ ಕೀಲಿಯಿಂದ ಬಾಗಿಲು ತೆಗೆದ ಮಾವಶಿ, ನೆಲದ ಮೇಲೆ ನನ್ನನ್ನು ಕಂಡು ಕಿರುಚಿಕೊಂಡರು. ‘ಬಿದ್ದಿಲ್ಲ, ಮಾತ್ರೆ ಹುಡುಕುತ್ತಿದ್ದೆ’ ಎಂದೆ. ಅವರು ನಂಬಲಿಲ್ಲ. ಅಕ್ಕನಿಗೆ ನಾನು ಇದನ್ನು ಹೇಳಿಲ್ಲ. ಪೇಪರಿನಲ್ಲಿ ಓದಿ ಫೋನ್ ಮಾಡುತ್ತಾಳೆ.

ಈಗ ಮಾತ್ರೆಗಳೆಲ್ಲ ಮುಚ್ಚಳದ ಡಬ್ಬಿಯಲ್ಲಿವೆ. ಸ್ಟ್ರಿಪ್ಪನ್ನು ಸ್ಟೀಲಿನ ತಾಟಿನ ಮೇಲೆ ಹಿಡಿದು ಒತ್ತುತ್ತೇನೆ, ಬಿದ್ದರೆ ಠಣ್ಣೆನ್ನಲಿ ಎಂದು. ಬರುವ ಗುರುವಾರ ಮನಿಯ ರೇಬೀಸ್ ಲಸಿಕೆ ಇದೆ. ಈ ಸಲ ಡಾಕ್ಟರಿಗೆ ಮನೆಗೆ ಬರಲಾಗುವುದಿಲ್ಲವಂತೆ, ನಾವೇ ಆಟೊ ಮಾಡಿಕೊಂಡು ಹೋಗಬೇಕು. ಬೆಕ್ಕಿನ ಬುಟ್ಟಿ ಅಟ್ಟದ ಮೇಲಿದೆ. ವಾಚ್‌ಮನ್‌ಗೆ ಇಳಿಸಿಕೊಡಲು ಹೇಳಿದ್ದೇನೆ. ಎರಡು ದಿನ ಮುಂಚೆಯೇ ಇಳಿಸಿ, ಅದರಲ್ಲಿ ನನ್ನ ಹಳೆಯ ಸೀರೆ ಹಾಸಿಡಬೇಕು. ಗುರುವಾರವೇ ಇಳಿಸಿದರೆ ಮನಿ ಮಂಚದ ಕೆಳಗೆ ಸೇರುತ್ತದೆ, ಮತ್ತೆ ನಾನೇ ನೆಲಕ್ಕಿಳಿಯಬೇಕಾಗುತ್ತದೆ.